ಬೆಣ್ಣೆಕೈಯವನ ಕನ್ನಡಿಯ ಕೆಳಗಿನ ಬಟ್ಟಲು

ಇಪ್ಪತ್ತೆಂಟು ವರ್ಷ ಊರಿನವರ ಗಡ್ಡ ಬೋಳಿಸಿದ ಮನುಷ್ಯನಿಗೆ ಒಂದು ಪಿಂಗಾಣಿ ಬಟ್ಟಲಿನ ಮೇಲೆ ಹೊಟ್ಟೆಕಿಚ್ಚು ಬಂತೆಂದರೆ ಕೇಳಿದವರು ನಗುತ್ತಾರೆ. ನಗಲಿ. ಅವನಿಗಂತೂ ನಿಜಕ್ಕೂ ಬಂದಿತ್ತು.

ಜನ ಅವನನ್ನು ಬೆಣ್ಣೆಕೈ ಎಂದೇ ಕರೆಯುತ್ತಿದ್ದರು. ಕತ್ತಿ ಕೆನ್ನೆಯ ಮೇಲೆ ಹೋದದ್ದೇ ಗೊತ್ತಾಗುವುದಿಲ್ಲ ಎಂದು ಯಾರೋ ಹಿಂದೆ ಹೊಗಳಿದ್ದು ಹೆಸರಾಗಿ ಉಳಿದಿತ್ತು. ಅಂಗಡಿಯ ಹಿಂಭಾಗಕ್ಕೊಂದು ಪರದೆ, ಪರದೆಯಾಚೆಗೆ ಮನೆ. ಎಂಟು ತಿಂಗಳ ಹಿಂದೆ ಅಲ್ಲಿಂದಲೇ ಹೆಂಡತಿ ಆ ಬಟ್ಟಲನ್ನು ತಂದು ಕನ್ನಡಿಯ ಕೆಳಗಿಟ್ಟಳು. ಲೋಳೆಸರದ ತಿರುಳು, ಸೌತೆಕಾಯಿ ರಸ, ಅಷ್ಟೆ.

“ಶೇವ್ ಆದ್ಮೇಲೆ ತಣ್ಣೀರು ಬಟ್ಟೆಯಲ್ಲಿ ಒತ್ತಿ, ಇದನ್ನ ಹಚ್ಚಿ. ತಂಪಾಗಿರುತ್ತೆ,” ಎಂದಳು. ಅವನು ಹೂಂಗುಟ್ಟಿದ. ಹೂಂಗುಟ್ಟಿ ಕೆಟ್ಟ.

ಈಗ ಗಿರಾಕಿಗಳು ಕೂರುವ ಮೊದಲೇ ಬಟ್ಟಲಿಗೆ ಇಣುಕುತ್ತಾರೆ. “ಅಕ್ಕ ಕಲಸಿದ್ದು ಇದೆ ತಾನೆ?” ಕೆಲಸದಿಂದ ನಿವೃತ್ತನಾದ ಬಸ್ ಡ್ರೈವರಂತೂ ಕಣ್ಣು ಮುಚ್ಚಿ, “ನಮ್ಮ ತಂಗಿ ಕೈಗುಣವೇ ಕೈಗುಣ!” ಎಂದು ರಾಗ ಎಳೆಯುತ್ತಾನೆ. ಗಡ್ಡ ತೆಗೆದವನು ಇಲ್ಲಿ ಕಂಬದ ಹಾಗೆ ನಿಂತಿದ್ದಾನೆ, ಹೊಗಳಿಕೆ ಮಾತ್ರ ಪರದೆ ದಾಟಿ ಒಳಗೆ ಹೋಗುತ್ತದೆ! ಅವಳು ಚಮಚದಲ್ಲಿ ಎಲೆ ಕೆರೆಯುವ ಸದ್ದು ಕೇಳಿದರೂ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಅವಳು ಬಟ್ಟಲು ತುಂಬಿಸಿಟ್ಟು ನೆಂಟರ ಮನೆಗೆ ಹೋದಳು. ಇವನು ಅದನ್ನು ನಲ್ಲಿಯ ಕೆಳಗೆ ತೊಳೆದುಬಿಟ್ಟ. ಎಲೆ ಕೆರೆಯುವುದೇನು ಮಹಾ ವಿದ್ಯೆ? ಹಿತ್ತಲಿನಿಂದ ದಪ್ಪ ಎಲೆಯೊಂದನ್ನು ಕೊಯ್ದ, ಕೆರೆದ, ಕಲಸಿದ. ಅಂದು ಶೇವ್‌ಗೆ ಬಂದ ಡ್ರೈವರನ ಕುತ್ತಿಗೆಗೆ ಧಾರಾಳವಾಗಿ ಬಳಿದ.

“ಹೇಗಿದೆ? ನಾನೇ ಮಾಡಿದ್ದು.”

ಡ್ರೈವರ ತನ್ನ ಕುತ್ತಿಗೆ ಕೆರೆದುಕೊಂಡ. ಮತ್ತೆ ಕೆರೆದುಕೊಂಡ. ಕನ್ನಡಿಯಲ್ಲಿ ನೋಡಿದರೆ ಕಿವಿಯವರೆಗೂ ಕೆಂಪು.

“ಎಲೆ ಕೊಯ್ದು ಹಳದಿ ನೀರು ಸೋರೋಕೆ ಬಿಟ್ಯೇನೋ?”

“ಯಾವ ಹಳದಿ ನೀರು?”

“ಅದೇ ತುರಿಸೋದು! ತಂಗಿ ದಿನಾ ಹಿತ್ತಲಲ್ಲಿ ಎಲೆ ನಿಲ್ಲಿಸಿಡೋದು ನೋಡಿಲ್ವಾ? ನಿನ್ನ ಕತ್ತಿ ಉರಿ ಸಾಲದು ಅಂತ ಇದು ಬೇರೆ!”

“ನನ್ನ ಕತ್ತಿ ಉರಿಸುತ್ತಾ?”

ಡ್ರೈವರ ನಾಲಿಗೆ ಕಚ್ಚಿಕೊಂಡ. ಆದರೆ ಮಾತು ಆಗಲೇ ಹೊರಬಿದ್ದಿತ್ತು. “ಕಣ್ಣು ಮಂಜಾಗಿದೆ ನಿಂಗೆ. ಒಂದೇ ಕಡೆ ನಾಲ್ಕು ಸಲ ಎಳೀತೀಯ, ಅದೂ ಕೂದಲಿಗೆ ಎದುರು. ನಾವೆಲ್ಲ ಬೇರೆ ಅಂಗಡಿಗೆ ಹೊರಟಿದ್ವಿ. ‘ಉರಿಗೆ ನಾನೇನಾದ್ರೂ ಮಾಡ್ತೀನಣ್ಣ, ಅವರಿಗೆ ಮಾತ್ರ ಹೇಳ್ಬೇಡಿ’ ಅಂತ ತಂಗಿ ಕೈ ಮುಗಿದಳು.”

ಸಂಜೆ ಅವಳು ಬಂದು ಬಟ್ಟಲು ನೋಡಿದಳು. “ಖಾಲಿ ಆಯ್ತಾ?”

“ಆಯ್ತು,” ಎಂದನಷ್ಟೆ. ಅಸೂಯೆ ಹೋಗಲಿಲ್ಲ, ಇನ್ನೊಂದು ಕಡೆಗೆ ತಿರುಗಿತು. ಬೀದಿಗೆಲ್ಲ ಗೊತ್ತಿದ್ದ ಗುಟ್ಟು, ಅವನೊಬ್ಬನನ್ನು ಬಿಟ್ಟು! ಎಂಟು ತಿಂಗಳು ಅವಳು ಊರಿನವರ ಜೊತೆ ಒಂದಾಗಿದ್ದಳು, ಅವನಿಗಾಗಿಯೇ. ಬೈಯಬೇಕೆಂದು ಹೊರಟವನು ಖಾಲಿ ಬಟ್ಟಲನ್ನು ಅವಳ ಕೈಗೆ ಕೊಟ್ಟ.

ವಾರದ ನಂತರ ಡ್ರೈವರ ಮತ್ತೆ ಬಂದ. ಮುದುಕರ ವಸ್ತುವೆಂದು ಖಾನೆಯಲ್ಲಿ ಬಚ್ಚಿಟ್ಟಿದ್ದ ಕನ್ನಡಕ ಬೆಣ್ಣೆಕೈಯವನ ಮೂಗಿಗೇರಿತ್ತು. ಡ್ರೈವರ ಅನುಮಾನದಿಂದಲೇ ಬಟ್ಟಲಿಗೆ ಇಣುಕಿದ.

“ತಂಗಿ ಕಲಸಿದ್ದು ತಾನೆ?”

“ಅವಳೇ ಕಲಸಿದ್ದು, ಕೂತ್ಕೊಳ್ಳಿ,” ಎಂದು ಇವನು ಪರದೆಯಾಚೆಗೂ ಕೇಳುವ ಹಾಗೆ ದನಿ ಎತ್ತಿದ. “ಮೊದಲು ನಾನು ಉರಿಸ್ಬೇಡ್ವಾ?”

ಒಳಗೆ ಎಲೆ ಕೆರೆಯುತ್ತಿದ್ದ ಚಮಚದ ಸದ್ದು ನಿಂತಿತು.