ಗೋ ಅಂಡ್ ಕಮ್ ಮೇಡಂ

ನನ್ನ ಚಿಕ್ಕಮ್ಮನಿಗೆ ಸೇಡು ತೀರಿಸಿಕೊಳ್ಳಲು ಆರು ವರ್ಷ ಹಿಡಿಯಿತು. ದೊಡ್ಡ ಮನಸ್ಸು ಮಾಡಿ ಕ್ಷಮಿಸಿಬಿಟ್ಟಳು ಅಂತ ಬರೆದರೆ ಓದುವವರಿಗೆ ಹಿತವಾಗಿರುತ್ತಿತ್ತೇನೋ. ಅವಳು ಕ್ಷಮಿಸಲಿಲ್ಲ, ಕ್ಷಮಿಸು ಅಂತ ನಾನೂ ಹೇಳಲಿಲ್ಲ.

ಹತ್ತೊಂಬತ್ತು ವರ್ಷ ಒಂದೇ ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವಳು ಅವಳು. ಶಾಲೆ ಮುಚ್ಚಿದಾಗ ವಯಸ್ಸು ನಲವತ್ತೆಂಟು. ಮನೆಪಾಠ ಹೇಳಿಕೊಂಡು ದಿನ ದೂಡುತ್ತಿದ್ದಾಗ ಪೇಪರಿನಲ್ಲಿ ಜಾಹೀರಾತು ಬಂತು: ವಿದೇಶದಲ್ಲಿ ನಾಲ್ಕು ತಿಂಗಳು ಇಂಗ್ಲಿಷ್ ಕಲಿಸಲು ಶಿಕ್ಷಕರು ಬೇಕು. ಆಯ್ಕೆ ಮಾಡುವವನು ಬಸ್ ನಿಲ್ದಾಣದ ಎದುರು ಸ್ಪೋಕನ್ ಇಂಗ್ಲಿಷ್ ತರಗತಿ ನಡೆಸುತ್ತಿದ್ದ ಮನುಷ್ಯ. ಸುಡುಬಿಸಿಲಲ್ಲೂ ಟೈ ಬಿಚ್ಚದವನು. ಊರಿನವರು ಟೈ ಮೇಷ್ಟ್ರು ಅಂತ ಮರ್ಯಾದೆ ಕೊಡುತ್ತಿದ್ದರು. ನಾನು 'ಅವನು' ಅಂತಲೇ ಬರೆಯುತ್ತೇನೆ.

ಸಂದರ್ಶನಕ್ಕೆ ಜೊತೆಯಲ್ಲಿ ನಾನೂ ಹೋಗಿದ್ದೆ. ಹೊರಗೆ ಹನ್ನೆರಡು ಜನ ಕಾಯುತ್ತಿದ್ದೆವು. ಅವನ ಕೋಣೆಗೆ ಬಾಗಿಲಿರಲಿಲ್ಲ, ಒಂದು ಪರದೆ ಅಷ್ಟೇ. ಕೇಳಿದ್ದಕ್ಕೆಲ್ಲ ಚಿಕ್ಕಮ್ಮ ಪಟಪಟ ಉತ್ತರ ಕೊಟ್ಟಳು. ಕೊನೆಗೆ ಎದ್ದು ಕೈ ಮುಗಿದು, "ಐ ವಿಲ್ ಗೋ ಅಂಡ್ ಕಮ್, ಸರ್" ಅಂದಳು.

ನಮ್ಮ ಮನೆಯಲ್ಲಿ ತರಕಾರಿ ತರಲು ಹೊರಟರೂ 'ಹೋಗಿ ಬರ್ತೀನಿ' ಅನ್ನಬೇಕು. ಬರೀ 'ಹೋಗ್ತೀನಿ' ಅಂದರೆ "ಬಿಡ್ತು ಅನ್ನು!" ಎಂದು ಅಜ್ಜಿ ಗದರುತ್ತಿದ್ದಳು. ಹುಟ್ಟಿನಿಂದ ಬಂದ ಆ ಮಾತು ಅವಸರದಲ್ಲಿ ಇಂಗ್ಲಿಷಿನಲ್ಲಿ ಹೊರಬಿತ್ತು.

ಅವನು ಮೇಜು ತಟ್ಟಿ ನಕ್ಕ. "ಎಲ್ಲಿಗೆ ಹೋಗಿ ಎಲ್ಲಿಗೆ ಬರ್ತೀರಮ್ಮ? ಇದೇನು ನಿಮ್ಮ ತವರುಮನೇನಾ?" ಅಷ್ಟಕ್ಕೇ ಬಿಡಲಿಲ್ಲ. ಪರದೆ ಸರಿಸಿ ನಮಗೆಲ್ಲ ಕೇಳುವಂತೆ, "ಗೋ ಅಂಡ್ ಕಮ್ ಅಂತೆ! ಇವರು ಫಾರಿನ್‌ನವರಿಗೆ ಇಂಗ್ಲಿಷ್ ಕಲಿಸ್ತಾರಂತೆ!" ಅಂದ. ನನ್ನೊಬ್ಬಳನ್ನು ಬಿಟ್ಟು ಎಲ್ಲರೂ ನಕ್ಕರು.

ತಪ್ಪು ತಪ್ಪೇ. ತೋರಿಸಿದ್ದರೆ ತಿದ್ದಿಕೊಳ್ಳುತ್ತಿದ್ದಳು. ಆದರೆ ಆ ಪಾಪಿ ಅದನ್ನು ತನ್ನ ತರಗತಿಯ ಜೋಕು ಮಾಡಿಕೊಂಡ. ಪ್ರತಿ ಹೊಸ ಬ್ಯಾಚಿಗೂ ಮೊದಲ ದಿನ ಅದೇ ಕತೆ, ಅದೂ ಹೆಸರು ಹಿಡಿದು. ಮೂರೇ ತಿಂಗಳಲ್ಲಿ ಔಷಧಿ ಅಂಗಡಿಯವನೂ, "ಬನ್ನಿ ಗೋ ಅಂಡ್ ಕಮ್ ಮೇಡಂ" ಅಂತ ಹಲ್ಲು ಕಿರಿದ. ಮನೆಪಾಠದ ಮಕ್ಕಳು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು.

"ಅವನ ಬಾಯಿಗೆ ಮಣ್ಣು ಹಾಕ!" ಅಂದಳು ಚಿಕ್ಕಮ್ಮ. ಅತ್ತಿದ್ದು ಒಂದೇ ದಿನ. "ನೋಡ್ತಿರು, ಅವನೂ ಒಂದಿನ ಫೈಲ್ ಹಿಡ್ಕೊಂಡು ನನ್ನ ಮುಂದೆ ನಿಲ್ಲಬೇಕು. ನಿಲ್ಲಿಸದೇ ಹೋದ್ರೆ ನಾನು ನಿನ್ನ ಚಿಕ್ಕಮ್ಮನೇ ಅಲ್ಲ."

ಯಾವ ಮಧ್ಯವರ್ತಿಯೂ ಬೇಡ ಅಂತ ಅವಳೇ ಹೊರದೇಶದ ಶಾಲೆಗಳಿಗೆ ನೇರವಾಗಿ ಬರೆಯತೊಡಗಿದಳು. ನಲವತ್ತಕ್ಕೂ ಹೆಚ್ಚು ಮೇಲ್ ಕಳಿಸಿದ ಮೇಲೆ ಒಂದು ಕಡೆಯಿಂದ ಕರೆ ಬಂತು. ಹೋಟೆಲ್ ಕೆಲಸಗಾರರಿಗೆ ಇಂಗ್ಲಿಷ್ ಕಲಿಸುವ ಸಣ್ಣ ಶಾಲೆ, ನಾಲ್ಕು ತಿಂಗಳ ಕರಾರು. ಲಾಂಡ್ರಿಯ ಮೇಲಿನ ಕೋಣೆ ಕೊಟ್ಟರು. ಕೆಳಗಿನ ಇಸ್ತ್ರಿಯ ಶಾಖಕ್ಕೆ ನೆಲವೇ ಬೆಚ್ಚಗಿರುತ್ತಿತ್ತಂತೆ. ಹಾಸಿಗೆ ಹಾಸುವ ಹೆಂಗಸರು, ಅಡುಗೆಯವರು, ಡ್ರೈವರುಗಳು ಅವಳ ವಿದ್ಯಾರ್ಥಿಗಳು. ಅವರಿಗೆ ಅವಳು ಮೊದಲು ಕಲಿಸಿದ್ದು ಅತಿಥಿಗಳನ್ನು ಬೀಳ್ಕೊಡುವ ಮಾತು. ಅವರ ತಪ್ಪಿಗೆ ಒಮ್ಮೆಯೂ ನಗಲಿಲ್ಲ. ಯಾಕೆ ಹಾಗೆ ಅಂದಿರಿ, ನಿಮ್ಮ ಭಾಷೆಯಲ್ಲಿ ಏನಂತೀರಿ ಅಂತ ಕೇಳಿ ಬರೆದುಕೊಳ್ಳುತ್ತಿದ್ದಳು. ಶಾಲೆ ಪ್ರತಿವರ್ಷ ಅವಳನ್ನೇ ಕರೆಸಿಕೊಂಡಿತು. ಆರನೆಯ ವರ್ಷ ಅಲ್ಲಿನ ಮುಖ್ಯಸ್ಥೆ, ನಿಮ್ಮೂರಿನಿಂದ ಇನ್ನೊಬ್ಬರನ್ನು ನೀವೇ ಆರಿಸಿ ಕರೆತನ್ನಿ ಅಂದಳು.

ಜಾಹೀರಾತಿನಲ್ಲಿ ಶಾಲೆಯ ಹೆಸರಷ್ಟೇ ಹಾಕಿದೆವು. ಅರ್ಜಿಗಳನ್ನು ಜೋಡಿಸುತ್ತಿದ್ದ ನಾನು ಒಂದು ಫೋಟೋ ನೋಡಿ, "ಚಿಕ್ಕಮ್ಮಾ!" ಅಂತ ಕಿರುಚಿದೆ. ಅದೇ ಟೈ. ಎಲ್ಲರೂ ಮೊಬೈಲಿನಲ್ಲೇ ಇಂಗ್ಲಿಷ್ ಕಲಿಯತೊಡಗಿ ಅವನ ತರಗತಿಗೆ ಬೀಗ ಬಿದ್ದಿತ್ತು.

"ಕರಿ" ಅಂದಳು. "ಅವತ್ತು ಬಾಗಿಲು ಪೂರ್ತಿ ತೆಗೆದಿಡು."

ಬಂದ. ಕನ್ನಡಕ ಹಾಕಿ ಕೂದಲು ಕತ್ತರಿಸಿಕೊಂಡಿದ್ದ ಚಿಕ್ಕಮ್ಮನ ಗುರುತು ಅವನಿಗೆ ಹತ್ತಲಿಲ್ಲ. ಹತ್ತು ನಿಮಿಷ ಪಾಠ ಮಾಡಿ ತೋರಿಸಿದ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಮಾಡಿದ. ಆದರೆ ಒಂದೊಂದು ವಾಕ್ಯ ಬರೆದಾಗಲೂ ಸರಿಯಾಯಿತೇ ಅನ್ನುವ ಹಾಗೆ ತಿರುಗಿ ನಮ್ಮ ಮುಖ ನೋಡುತ್ತಿದ್ದ. ಒಂದು ಕ್ಷಣ ನನಗೇ ಪಾಪ ಅನ್ನಿಸಿ ಚಿಕ್ಕಮ್ಮನ ಮುಖ ನೋಡಿದೆ. ಅಲ್ಲಿ ಪಾಪಗೀಪ ಏನೂ ಇರಲಿಲ್ಲ. ಕಾಗದದ ಮೇಲೆ 'ಬೇಡ' ಅಂತ ಆಗಲೇ ಬರೆದಾಗಿತ್ತು.

ಅಷ್ಟು ಹೊತ್ತು ಇಂಗ್ಲಿಷ್ ಬಿಟ್ಟು ಬೇರೆ ಮಾತಾಡದವನು ಎದ್ದು ನಿಂತಾಗ ತಗ್ಗಿಹೋದ. "ತುಂಬಾ ಕಷ್ಟದಲ್ಲಿದ್ದೀನಿ ಮೇಡಂ. ಸ್ವಲ್ಪ ಮನಸ್ಸು ಮಾಡಿ" ಅಂದು ಕೈ ಮುಗಿದ. "ಹೋಗಿ ಬರ್ತೀನಿ."

ಚಿಕ್ಕಮ್ಮ ಕನ್ನಡಕ ತೆಗೆದಳು. "ಎಲ್ಲಿಗೆ ಹೋಗಿ ಎಲ್ಲಿಗೆ ಬರ್ತೀರಿ, ಸರ್?"

ಹೊರಗೆ ಕಾಯುತ್ತಿದ್ದವರೆಲ್ಲ ತಲೆಯೆತ್ತಿದರು. ಅವನು ಇಂಗು ತಿಂದ ಮಂಗನ ಹಾಗೆ ನೋಡಿದ. "ನೀವು... ಆ ಗೋ ಅಂಡ್..."

"ಹೌದು, ನಾನೇ" ಅಂದಳು. "ನಾನು ಹೋಗಿ ಬಂದೆ. ನೀವು ಬರೀ ಹೋಗಿ."

ನನ್ನ ಹೊಟ್ಟೆ ತಣ್ಣಗಾಯಿತು. ಮುಂದಿನವರನ್ನು ಕರೆದೆ.