ಪ್ರೂಫಕ್ಕನ ಪರದೆ

ನಮ್ಮ ಅಚ್ಚುಕೂಟದಲ್ಲಿ ಮೂವತ್ತು ವರ್ಷದಿಂದ ಕರಡು ತಿದ್ದುತ್ತಿರುವ ಹೆಂಗಸನ್ನು ಎಲ್ಲರೂ ಪ್ರೂಫಕ್ಕ ಎನ್ನುತ್ತೇವೆ. ಎಡಗಣ್ಣು ಕಾಯಿಲೆಯಲ್ಲಿ ಹೋಯಿತು. ಉಳಿದ ಒಂದು ಕಣ್ಣಿಗೆ ಬೀಳದ ತಪ್ಪು ಇನ್ನೂ ಹುಟ್ಟಿಲ್ಲ. ನಾಲಿಗೆಯಂತೂ ಇಬ್ಬರಿಗಾಗುವಷ್ಟಿದೆ.

ಕಾಗದ ಹೋಗಿ ಕಂಪ್ಯೂಟರ್ ಬಂದಾಗ, ತಿದ್ದುವ ತಂತ್ರಾಂಶ ಬರೆದವನು ನಾನು. ಪರದೆಯ ಎಡಕ್ಕೆ ಮೂಲಪ್ರತಿ, ಬಲಕ್ಕೆ ಕರಡು, ಅಕ್ಷರ ಇರುವೆಯಷ್ಟು. ಸಾಲುಸಾಲಿಗೂ ಕತ್ತು ಎಡಕ್ಕೆ ತಿರುಗಿಸಿ ತಿರುಗಿಸಿ ಅಕ್ಕನ ದಿನದ ನಲವತ್ತು ಪುಟ ಇಪ್ಪತ್ತಕ್ಕಿಳಿಯಿತು. ಶನಿವಾರದೊಳಗೆ ಮೊದಲಿನಷ್ಟಾಗದಿದ್ದರೆ ಬೈಂಡಿಂಗ್ ಕೋಣೆಗೆ ಹೋಗಬೇಕೆಂದು ಮ್ಯಾನೇಜರು ಹೇಳಿಬಿಟ್ಟರು.

ಅಕ್ಕ ನೇರ ನನ್ನ ಮೇಜಿಗೆ ಬಂದಳು. ಮೂಲಪ್ರತಿ ಮೇಲಿರಲಿ, ಕರಡು ಕೆಳಗಿರಲಿ, ಅಕ್ಷರ ದಪ್ಪಗಿರಲಿ ಎಂದಳು. ಅದೆಲ್ಲ ಆಗುತ್ತದೆ, ಸೆಟ್ಟಿಂಗ್ಸ್ ಕಡತದಲ್ಲಿ ಇನ್ನೂರು ಸಾಲಿದೆ, ಓದಿಕೊಂಡು ಬದಲಾಯಿಸಿ ಎಂದು ಜಂಬದಿಂದ ಹೇಳಿದೆ. ಬೇಕಿದ್ದರೆ ಒಮ್ಮೆ ನಾನೇ ಮಾಡಿಕೊಡುತ್ತೇನೆ ಎಂದೂ ಸೇರಿಸಿದೆ.

“ಪುಸ್ತಕ ಬದಲಾದಾಗೆಲ್ಲ ನಿನ್ನ ಮುಂದೆ ಕೈಕಟ್ಟಿ ನಿಲ್ಲಬೇಕಾ? ನನ್ನ ಕನ್ನಡಕ ನಾನೇ ಸರಿ ಮಾಡ್ಕೋತೀನಿ. ಇದೂ ನನ್ನ ಕೈಲೇ ಆಗಬೇಕು.”

ಆಮೇಲೆ ನನ್ನ ಎಡಗಣ್ಣಿಗೆ ಕರವಸ್ತ್ರ ಕಟ್ಟಿ ತನ್ನ ಕುರ್ಚಿಯಲ್ಲಿ ಕೂರಿಸಿದಳು. ಮೂರು ಪುಟಕ್ಕೇ ಕತ್ತು ಹಿಡಿದುಕೊಂಡಿತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಎರಡು ದಿನ ಪಟ್ಟಾಗಿ ಕೂತು, ವಿಂಡೋಗಳನ್ನು ಮೌಸಿನಿಂದ ಎಳೆದು ಬೇಕಾದ ಕಡೆ ಇಡುವಂತೆ, ಒಂದು ಬಟನ್ ಒತ್ತಿದರೆ ಅಕ್ಷರ ದೊಡ್ಡದಾಗುವಂತೆ ಮಾಡಿದೆ. ಅಕ್ಕ ಎಳೆದಳು, ಇಟ್ಟಳು, ಸರಿಬರದೆ ಮತ್ತೆ ಎಳೆದಳು. ಶುಕ್ರವಾರ ನಲವತ್ತೆರಡು ಪುಟ ಮುಗಿಸಿದಳು. ಅವಳನ್ನು ನೋಡಿ ಕೋಣೆಯ ಉಳಿದ ಏಳು ಜನರೂ ತಮತಮಗೆ ಬೇಕಾದಂತೆ ಜೋಡಿಸಿಕೊಂಡರು. ಎಲ್ಲರಿಗೂ ಒಂದೊಂದು ತೊಂದರೆ ಇದ್ದೇ ಇತ್ತು, ಬಾಯಿ ಮಾತ್ರ ಅಕ್ಕನೊಬ್ಬಳಿಗೇ ಇತ್ತು.

ಶನಿವಾರ ಮ್ಯಾನೇಜರು ಬಂದು ನೋಡಿ ಉರಿದುಬಿದ್ದರು. ಪರದೆಗಳೆಲ್ಲ ಒಂದೇ ರೀತಿ ಇರಬೇಕು, ಇದನ್ನು ಈಗಲೇ ತೆಗೆ ಎಂದು ನನಗೆ ಅಪ್ಪಣೆ ಮಾಡಿದರು.

ಅಕ್ಕ ಎದ್ದು ನಿಂತಳು. “ನಿಮಗೆ ಪುಟ ಬೇಕೋ, ಒಂದೇ ತರ ಕಾಣೋ ಪರದೆ ಬೇಕೋ? ಇದನ್ನ ತೆಗೆದ್ರೂ ನಾನು ಇಲ್ಲಿಂದ ಕದಲಲ್ಲ. ಬೇಕಾದ್ರೆ ಕುರ್ಚಿ ಸಮೇತ ಎತ್ತಿಕೊಂಡು ಹೋಗಿ.”

ಮ್ಯಾನೇಜರು ನನ್ನತ್ತ ತಿರುಗಿದರು. ಆರು ವರ್ಷದಲ್ಲಿ ಒಮ್ಮೆಯೂ ಅವರಿಗೆ ಎದುರಾಡಿದವನಲ್ಲ ನಾನು.

“ತೆಗೆಯಲ್ಲ ಸಾರ್. ಅಕ್ಕನ್ನ ಬೈಂಡಿಂಗ್‌ಗೆ ಕಳಿಸೋದಾದ್ರೆ ನನ್ನನ್ನೂ ಕಳಿಸಿ.”

ಅವರು ಎಂಟು ಪರದೆಗಳನ್ನೂ ಒಂದೊಂದಾಗಿ ನೋಡಿದರು. ನನ್ನನ್ನು ನೋಡಿದರು. ಪುಟ ಮಾತ್ರ ಕಡಿಮೆಯಾಗಬಾರದು ಎಂದು ಹೊರಟುಹೋದರು. ಅಕ್ಕ ಆಗಲೇ ಮುಂದಿನ ಪುಟ ತೆರೆದಿದ್ದಳು.