ಟೀಚರ್ ಶಾಯಿ ಹಾಕಿದ ರಿಬ್ಬನ್

ನಮ್ಮ ಟೈಪಿಂಗ್ ಟೀಚರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡನೇ ಗೆಣ್ಣಿನವರೆಗೆ ಯಾವಾಗಲೂ ಕಪ್ಪು. ಮೀನು ಕೊಯ್ಯುವ ಮೊದಲು ಹುಣಸೆಹುಳಿ ಹಚ್ಚಿ ತಿಕ್ಕುತ್ತಿದ್ದರು, ಹೋಗುತ್ತಿರಲಿಲ್ಲ. ಬೋಳಾರದ ಅವರ ಮನೆಯ ಜಗಲಿಯೇ ಕ್ಲಾಸು. ಗಂಡ ತೀರಿಹೋದ ಮೇಲೆ ಎರಡು ಹಳೇ ಟೈಪ್‌ರೈಟರುಗಳೇ ಅವರ ಸಂಸಾರ ನಡೆಸಿದ್ದು. ಅವರ ಮನೆಮಾತು ಕೊಂಕಣಿ, ನನ್ನದು ತುಳು, ನಡುವೆ ಕನ್ನಡ.

ಮೆಷಿನಿನೊಳಗಿನ ಶಾಯಿಪಟ್ಟಿ, ಅಂದರೆ ರಿಬ್ಬನ್ನು, ಮಾಸಿದರೂ ಅವರು ಬಿಸಾಡಿದ್ದು ನಾನು ನೋಡಿಲ್ಲ. ಹಳೇ ಪೇಪರಿನ ಮೇಲೆ ಅದನ್ನು ಬಿಡಿಸಿ ಹಾಸಿ, ಸ್ಟ್ಯಾಂಪ್ ಪ್ಯಾಡಿನ ಶಾಯಿಗೆ ಒಂದಿಷ್ಟು ಗ್ಲಿಸರಿನ್ ಬೆರೆಸಿ, ಬಟ್ಟೆಯ ತುಂಡಿನಿಂದ ಉದ್ದಕ್ಕೂ ಹಚ್ಚುವರು. ಆಮೇಲೆ ಬಿಗಿಯಾಗಿ ಸುತ್ತಿ ಒಳಗಿಡುವರು. ಎರಡು ದಿನ ಯಾರೂ ಮುಟ್ಟುವಂತಿಲ್ಲ, ಶಾಯಿ ತಾನಾಗಿ ಹರಡಿಕೊಳ್ಳಬೇಕು. ಅವಸರ ಮಾಡಿದವರಿಗೆ, "ಅಕ್ಕಿ ನೆನೆಯದೆ ಕಡೆದರೆ ದೋಸೆ ಆಗ್ತದಾ?" ಎನ್ನುವರು.

ನಮ್ಮ ಕುಟುಂಬದಲ್ಲಿ ಬಿ.ಎ. ಪಾಸಾದವಳು ನಾನೇ ಮೊದಲು. ಅಮ್ಮ ಬೀಡಿ ಕಟ್ಟಿ ಓದಿಸಿದ್ದು. ಹೇಳಲು ನಾಚಿಕೆಯಿಲ್ಲ, ಹೆಮ್ಮೆ ಉಂಟು. ಆದರೆ ವರ್ಷ ಕಳೆದರೂ ಕೆಲಸ ಸಿಗದೆ ನಾನೂ ಅಮ್ಮನ ಪಕ್ಕ ಬೀಡಿ ಕಟ್ಟಲು ಕೂತೆ. "ಬಿ.ಎ. ಮಾಡಿದವಳು ಕಟ್ಟಿದ ಬೀಡಿಗೆ ಹೊಗೆ ಜಾಸ್ತಿ ಬರ್ತದಾ?" ಎಂದು ಪಕ್ಕದ ಮನೆಯಾಕೆ ಕೇಳಿದಳು. ಮರುದಿನವೇ ಅಮ್ಮ ನನ್ನನ್ನು ಟೀಚರ ಕ್ಲಾಸಿಗೆ ಸೇರಿಸಿದ್ದು.

ಅತ್ತಾವರದ ಒಂದು ಆಸ್ಪತ್ರೆಯ ಆಫೀಸಿಗೆ ಟೈಪಿಸ್ಟ್ ಬೇಕೆಂದು ತಿಳಿದದ್ದು ಒಂದು ಭಾನುವಾರ. ಅರ್ಜಿಯನ್ನು ನಾವೇ ಟೈಪ್ ಮಾಡಿ ಸೋಮವಾರ ಬೆಳಿಗ್ಗೆ ಕೊಡಬೇಕು. ಆ ಕೈಕೆಲಸ ನೋಡಿಯೇ ಕರೆಯುವುದಂತೆ. ಟೀಚರ ಎರಡೂ ರಿಬ್ಬನ್ ಮಾಸಿಹೋಗಿದ್ದವು, ಅಂಗಡಿಗಳು ಮುಚ್ಚಿದ್ದವು.

ಅಂದು ಟೀಚರ್ ತಮ್ಮ ಕಟ್ಟಳೆಯನ್ನು ತಾವೇ ಮುರಿದರು. ಚೆನ್ನಾಗಿ ಕಪ್ಪಾಗಲಿ ಎಂದು ಶಾಯಿಯನ್ನು ಧಾರಾಳ ಹಚ್ಚಿ, ಆ ಕ್ಷಣವೇ ಮೆಷಿನಿಗೆ ಹಾಕಿದರು. ಅಕ್ಷರಗಳ ಹೊಟ್ಟೆಯೊಳಗೆಲ್ಲ ಶಾಯಿ ತುಂಬಿಹೋಗಿ ಒಂದೂ ಓದಲು ಬರಲಿಲ್ಲ. ನನಗೆ ಅಳುವೇ ಬಂತು.

"ತಪ್ಪು ನನ್ನದು ಮಾರಾಯ್ತಿ, ಏಳು," ಎಂದು ತಾವು ಕೂತರು. ಹೆಚ್ಚಾದ ಶಾಯಿ ಇಳಿಯುವವರೆಗೆ ಹೊಡೆಯುತ್ತಾ ಇರುವುದೊಂದೇ ದಾರಿ. ಅವರ ಬೆರಳುಗಳಿಗೆ ಗಂಟುನೋವು. ನಾನು ಹೊಡೆಯುತ್ತೇನೆಂದರೆ ಬಿಡಲಿಲ್ಲ. ನಿನ್ನ ಕೈ ದಣಿದರೆ ಅರ್ಜಿಯಲ್ಲಿ ತಪ್ಪಾಗ್ತದೆ ಎಂದರು. ನಡುನಡುವೆ ಸೂಜಿಯಿಂದ ಅಚ್ಚುಗಳನ್ನು ಕೆದಕಿ ಸ್ವಚ್ಛ ಮಾಡುವರು, ಮತ್ತೆ ಹೊಡೆಯುವರು. ಊಟದ ಹೊತ್ತು ದಾಟಿತು. ಹೊಡೆಯುತ್ತಿದ್ದದ್ದು ಒಂದೇ ಸಾಲು: ನನ್ನ ಹೆಸರು, ಅದರ ಮುಂದೆ ಬಿ.ಎ. ಮೊದಲ ಹಾಳೆಯಲ್ಲಿ ಅದು ಬರೀ ಕೆಸರು. ಹಾಳೆ ಬದಲಾದ ಹಾಗೆ ತಿಳಿಯಾಗುತ್ತಾ ಬಂತು. ಸಂಜೆಯ ಹೊತ್ತಿಗೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ನಿಂತಿತು.

"ನೋಡು, ಈಗ ನೀನು ಕಾಣ್ತಿ," ಎಂದು ಎದ್ದರು. ನಾನು ಅರ್ಜಿ ಮುಗಿಸುವವರೆಗೆ ಪಕ್ಕದಲ್ಲೇ ಬಿಸಿನೀರಿನ ಪಾತ್ರೆಯಲ್ಲಿ ಕೈ ಅದ್ದಿ ಕೂತಿದ್ದರು.

ಕೆಲಸ ಸಿಕ್ಕಿತು. ಹೇಳಲು ಹೋದಾಗ ಕ್ಲಾಸು ನಡೆಯುತ್ತಿತ್ತು. ಟೀಚರ್ ನನ್ನನ್ನು ಒಳಗೆ ಕರೆದು ಊಟ ಬಡಿಸಿದರು. ಹೊರಡುವಾಗ ಹೇಳಿದರು: "ನಿನ್ನ ಕ್ಲಾಸು ಮುಗಿಯಿತು. ಇನ್ನು ಜಗಲಿಯಿಂದ ಬರಬೇಡ. ಅಡುಗೆಮನೆ ಬಾಗಿಲಿಂದ ಬಾ."

ಕೆಲವು ವರ್ಷಗಳ ಮೇಲೆ ಅವರು ತೀರಿಹೋದ ದಿನ ಜಗಲಿಯ ತುಂಬಾ ಹಳೇ ವಿದ್ಯಾರ್ಥಿಗಳು. ನಾನು ಚಪ್ಪಲಿ ಬಿಟ್ಟು, ಬಾವಿಕಟ್ಟೆ ಸುತ್ತಿಕೊಂಡು ಹಿಂದೆ ಹೋದೆ. ಅಡುಗೆಮನೆಯ ಬಾಗಿಲಿಂದ ಒಳಗೆ ನಡೆದು ಮನೆಯವರ ಜೊತೆ ಕೂತೆ.